ನದಿಯಿಲ್ಲದ ನಗರದ ಬಡಗಣ ದಾರಿ

ಪುರಾತನ ನಗರಗಳ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಒಂದು ನದಿಯಿಂದ ಆರಂಭಿಸುವುದು ವಾಡಿಕೆ. ಕಾಶಿಗೆ ಗಂಗೆ, ಮಧುರೆಗೆ ವೈಗೈ, ವಿಜಯನಗರಕ್ಕೆ ತುಂಗಭದ್ರೆ, ಶ್ರೀರಂಗಪಟ್ಟಣಕ್ಕೆ ಕಾವೇರಿ. ಹೊಳೆಯನ್ನು ದಾಟುವುದಕ್ಕೆ ಅನುಕೂಲವಾದ ಕಡೆಯಲ್ಲಿ ದೋಣಿಗಳು ನಿಲ್ಲುವುವು. ದೋಣಿ ನಿಂತಲ್ಲಿ ಸಂತೆ ಕೂಡುವುದು. ಸಂತೆಗೆ ಬಂದವರ ಕಾಲ್ದಾರಿಗಳೇ ಕಾಲಾನುಕ್ರಮದಲ್ಲಿ ಬೀದಿಗಳಾಗುವುವು. ಅಂತಹ ಊರುಗಳಲ್ಲಿ ಬೀದಿಗಳೆಲ್ಲವೂ ನೀರಿನ ಕಡೆಗೆ ಮುಖಮಾಡಿರುವುದನ್ನು ಯಾತ್ರಿಕರೆಲ್ಲರೂ ಕಂಡಿರುತ್ತಾರೆ.

ನಮ್ಮ ಬೆಂಗಳೂರಿಗೆ ಈ ಭಾಗ್ಯವಿಲ್ಲ. ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ಊರಿನ ಪಶ್ಚಿಮಕ್ಕೆ ಅನೇಕ ಮೈಲಿಗಳ ದೂರದಲ್ಲಿ ಹರಿದುಹೋಗುತ್ತದೆ. ಅದೇ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಪೂರ್ವದ ಪಕ್ಕದಲ್ಲಿ ಸಾಗಿ ತಮಿಳುನಾಡನ್ನು ಸೇರುತ್ತದೆ. ಎರಡು ನದಿಗಳ ನಡುವಣ ದಿಣ್ಣೆಯ ಮೇಲೆ, ಸಮುದ್ರ ಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿ, ಊರು ಕುಳಿತಿದೆ. ವೃಷಭಾವತಿಯು ಊರಿನೊಳಗೇ ಹುಟ್ಟುವುದಾದರೂ ದೋಣಿ ನಡೆಯುವಷ್ಟು ನೀರು ಅದರಲ್ಲಿ ಎಂದೂ ಇದ್ದುದಿಲ್ಲ. ಆದುದರಿಂದ ಈ ಊರನ್ನು ಹುಟ್ಟಿಸಿದುದು ನದಿಯಲ್ಲ, ದಾರಿ ಎಂದು ಹೇಳಬೇಕಾಗುತ್ತದೆ. ಆ ದಾರಿಗಳಲ್ಲೆಲ್ಲಾ ಹಿರಿದಾದುದು ಯಲಹಂಕ ಮತ್ತು ಹೆಬ್ಬಾಳದಿಂದ ಬರತಕ್ಕ ಬಡಗಣ ದಾರಿ. ಈ ಭಾಷಣದಲ್ಲಿ ನಾವು ಅದೊಂದನ್ನೇ ಹಿಡಿದು ನಡೆಯೋಣ. ನಡೆಯುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರೋಣ: ದಾರಿಯೆಂಬುದು ಅದರ ಉದ್ದಕ್ಕೆ ಪ್ರಯಾಣಮಾಡುವವನದೋ, ಅದನ್ನು ಅಡ್ಡಲಾಗಿ ದಾಟುವವನದೋ?

ಹೆಬ್ಬಾಳವೆಂದೊಡನೆ ಈಗಿನವರ ಕಣ್ಣಿಗೆ ಕಟ್ಟುವುದು ಒಂದರ ಮೇಲೊಂದು ಸುತ್ತಿಕೊಂಡಿರುವ ಸೇತುವೆಗಳು. ಆದರೆ ಆ ಊರಿನ ವಯಸ್ಸು ಪೇಟೆಯ ವಯಸ್ಸಿಗಿಂತ ಬಹಳ ಹೆಚ್ಚಿನದು. 2018ರಲ್ಲಿ ಅಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ಹೊರಬಂದಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ಆ ಕಲ್ಲಿನಲ್ಲಿ ಪೆರ್ಬ್ಬೊೞಲ್ ನಾಡು ಮೂವತ್ತು ಎಂಬ ಸೀಮೆಯ ಹೆಸರೂ, ಶತ್ರುಗಳು ಏರಿಬಂದಾಗ ಕಾದಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರೂ ಇವೆ. ಪೆರ್ಬ್ಬೊೞಲ್ ಎಂದರೆ ಹಿರಿಯ ಪೊೞಲು, ದೊಡ್ಡ ಪಟ್ಟಣ. ಅದೇ ಜನರ ನಾಲಗೆಯ ಮೇಲೆ ಸವೆದು ಹೆಬ್ಬಾಳವಾಯಿತು. ಕಲ್ಲಿನ ಮೇಲೆ ಹೆಸರು ಉಳಿದ ಈ ಮನುಷ್ಯನು ದೂರದೇಶಕ್ಕೆ ಹೋಗುವ ಸಾರ್ಥವಾಹನಲ್ಲ. ದಾರಿಯ ಮಗ್ಗುಲಲ್ಲಿ ವಾಸಿಸುತ್ತಿದ್ದು, ಆ ದಾರಿಯಲ್ಲಿ ಬಂದ ಅಪಾಯಕ್ಕೆ ಎದೆಕೊಟ್ಟವನು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಹೆಬ್ಬಾಳದಿಂದ ಮುಂದೆ ಯಲಹಂಕ. ಚೋಳರ ಕಾಲದಲ್ಲಿ ಇಲೈಪಾಕ್ಕ ನಾಡೆಂದು ಹೆಸರಾಗಿದ್ದ ಈ ಸೀಮೆಯು ವಿಜಯನಗರದ ಕಾಲಕ್ಕೆ ನಾಡಪ್ರಭುಗಳ ರಾಜಧಾನಿಯಾಯಿತು. ಅವರ ಮೂಲಪುರುಷನಾದ ರಣಭೈರೇಗೌಡನು ತನ್ನ ಬಂಧುಗಳೊಡನೆ ಗಾಡಿಗಳನ್ನು ಹೂಡಿಕೊಂಡು ಬಂದು ದೇವನಹಳ್ಳಿಯ ಹತ್ತಿರದ ಆವತಿಯಲ್ಲಿ ಬಿಡಾರ ಮಾಡಿದನೆಂದು ಐತಿಹ್ಯವಿದೆ. ಈ ವಂಶದ ಹಿರಿಯ ಕೆಂಪೇಗೌಡನು 1537ರಲ್ಲಿ ಯಲಹಂಕದಿಂದ ಸುಮಾರು ಹತ್ತು ಮೈಲಿ ತೆಂಕಣಕ್ಕೆ ಬಂದು ಹೊಸ ಪೇಟೆಯನ್ನು ಕಟ್ಟಿಸಿದನು. ಶುಭಮುಹೂರ್ತದಲ್ಲಿ ನಾಲ್ಕು ನೇಗಿಲುಗಳನ್ನು ಹೂಡಿಸಿ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಬಿಡಿಸಿದನೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆ ಉಳುಮೆಯ ಸಾಲುಗಳೇ ಎರಡು ಹೆದ್ದಾರಿಗಳಾದುವು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಮುಂದೆ ಅವೆನ್ಯೂ ರಸ್ತೆಯೆಂದು ಹೆಸರಾದುದು. ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲು ಬಾಗಿಲು, ಉತ್ತರಕ್ಕೆ ಯಲಹಂಕ ಬಾಗಿಲು. ಉತ್ತರದ ಬಾಗಿಲ ಸ್ಥಳವು ಈಗಿನ ಮೈಸೂರು ಬ್ಯಾಂಕ್ ವೃತ್ತದ ಬಳಿಯಲ್ಲಿತ್ತು. ಬಾಗಿಲು ಹೋದರೂ ಅದರ ಹೆಸರು ಅಲ್ಲಿನ ಆಂಜನೇಯನ ಗುಡಿಗೆ ಉಳಿದಿದೆ.

ಮಾನ್ಯ ಶ್ರೋತೃಗಳೇ, ಈ ಕಥೆಯಲ್ಲಿ ಒಂದು ಅರ್ಥವಿದೆ. ಬೆಂಗಳೂರು ಹುಟ್ಟಿದುದು ಒಂದು ದಾರಿಯ ಮೇಲಲ್ಲ, ಎರಡು ದಾರಿಗಳು ಒಂದನ್ನೊಂದು ಹಾಯುವ ಕೂಡುಸ್ಥಳದಲ್ಲಿ. ಉದ್ದಕ್ಕೆ ಹೋಗುವವನೂ ಅಡ್ಡಕ್ಕೆ ಹೋಗುವವನೂ ಆ ಚೌಕದಲ್ಲಿ ಸಮಾನರು. ಇಬ್ಬರೂ ಅಲ್ಲಿ ನಿಧಾನಿಸಲೇಬೇಕು. ನಿಧಾನಿಸಿದಾಗಲೇ ಅಂಗಡಿಯ ಕಡೆಗೆ ಕಣ್ಣು ಹೋಗುವುದು, ವ್ಯಾಪಾರ ಕುದುರುವುದು. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ತರಗುಪೇಟೆ ಎಂಬ ಬೀದಿಗಳೆಲ್ಲವೂ ಈ ಕೂಡುದಾರಿಯ ಸುತ್ತಲೂ ಹರಡಿದುವು.

ಪೇಟೆಯ ಹೊರಗೆ ಬಡಗಣ ದಾರಿಯು ಕೆರೆಗಳ ನೆರೆಯಲ್ಲಿ ನಡೆಯಿತು. ನದಿಯಿಲ್ಲದ ಸೀಮೆಯಲ್ಲಿ ನಮ್ಮ ಹಿರಿಯರು ಮಳೆಯ ನೀರನ್ನು ಹಳ್ಳಹಳ್ಳಕ್ಕೂ ತಡೆದು ನಿಲ್ಲಿಸಿದರು. ಯಲಹಂಕದ ಕೆರೆ ತುಂಬಿದರೆ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ. ಹೆಬ್ಬಾಳದ ಕೆರೆಯ ನೀರು ನಾಗವಾರಕ್ಕೆ. ಕಡೆಗೆ ಎಲ್ಲವೂ ಪಿನಾಕಿನಿಯ ಪಾಲು. ಈ ಸೀಮೆಯಲ್ಲಿ ನೀರು ಹರಿಯುವುದು ಹೆಚ್ಚಾಗಿ ಮೂಡಣಕ್ಕೆ, ಜನ ನಡೆಯುವುದು ಬಡಗಣಕ್ಕೆ. ಆದುದರಿಂದ ದಾರಿಯು ನೀರನ್ನು ಪದೇ ಪದೇ ದಾಟಬೇಕಾಗುತ್ತಿತ್ತು. ಅನೇಕ ಊರುಗಳಲ್ಲಿ ಕೆರೆಯ ಏರಿಯೇ ರಸ್ತೆಯಾಗಿರುವುದನ್ನು ತಾವು ನೋಡಿರಬಹುದು. ಏರಿಯ ಮೇಲೆ ಗಾಡಿ, ಏರಿಯ ಕೆಳಗೆ ತೂಬು, ಪಕ್ಕದಲ್ಲಿ ಕೋಡಿ. ಮೇಲೆ ಹೋಗುವವನಿಗಾಗಿ ಕೆಳಗಿನ ನೀರನ್ನು ನಿಲ್ಲಿಸಿಬಿಟ್ಟರೆ ಏರಿಯೇ ಒಡೆಯುವುದೆಂಬುದನ್ನು ಕೆರೆ ಕಟ್ಟಿದವನು ಚೆನ್ನಾಗಿ ಬಲ್ಲವನಾಗಿದ್ದನು. ಉದ್ದದ ದಾರಿಯನ್ನು ಕಟ್ಟುವಾಗಲೇ ಅಡ್ಡದ ಹರಿವಿಗೆ ದಾರಿ ಬಿಡುವುದು ಆ ವಿದ್ಯೆಯ ಮೊದಲನೆಯ ಪಾಠವಾಗಿತ್ತು.

ಆ ಕಾಲದಲ್ಲಿ ಸರಕು ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಿನ ಮೇಲೆ. ಮದರಾಸಿನಿಂದ ಹೊರಟು 1800ರಲ್ಲಿ ನಮ್ಮ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಬೆಂಗಳೂರಿನ ವರ್ತಕರ ವ್ಯಾಪಾರವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಎತ್ತಿನ ಸಾಲು ಬರುವಾಗ ಕೊರಳ ಗಂಟೆಗಳ ಸದ್ದು ದೂರದಿಂದಲೇ ಕೇಳುವುದು. ಹೊಲಕ್ಕೆ ಹೋಗುವವನು ಎರಡು ಎತ್ತುಗಳ ನಡುವೆ ನುಸುಳಿ ಆಚೆಗೆ ಹೋಗಬಹುದು. ಸೈನ್ಯಗಳು ಬಂದುದೂ ಇದೇ ದಾರಿಯಲ್ಲಿ. 1791ರ ಮಾರ್ಚಿ 7ರಂದು ಕಾರ್ನ್‌ವಾಲಿಸನ ಪಡೆಗಳು ಹಲಸೂರು ಬಾಗಿಲಿನ ಕಡೆಯಿಂದ ಪೇಟೆಯನ್ನು ಹೊಕ್ಕುವು. ಅದೇ ತಿಂಗಳ 21ರಂದು ಕೋಟೆಯು ಬಿದ್ದಿತು. ತಿಂಗಳ ಕೊನೆಯಲ್ಲಿ ಅವನು ನಿಜಾಮನ ಕುದುರೆಯ ದಂಡನ್ನು ಕೂಡಿಕೊಳ್ಳುವುದಕ್ಕಾಗಿ ದೇವನಹಳ್ಳಿಯ ಕಡೆಗೆ ಉತ್ತರದ ದಾರಿಯನ್ನು ಹಿಡಿದನು. ಅಕ್ಟೋಬರು 19ರಂದು ನಂದಿದುರ್ಗವೂ ಅವನ ಕೈವಶವಾಯಿತು. ಅಷ್ಟು ದೊಡ್ಡ ಸೈನ್ಯಕ್ಕೆ ದವಸವನ್ನು ಒದಗಿಸಿದವರಲ್ಲಿ ಹೇರೆತ್ತುಗಳ ಒಡೆಯರಾದ ಲಂಬಾಣಿಗಳು ಮುಖ್ಯರು.

ಮುಂದೆ 1809ರಲ್ಲಿ ಪೇಟೆಯ ಈಶಾನ್ಯಕ್ಕೆ ಬ್ರಿಟಿಷರ ದಂಡು ನೆಲೆಯೂರಿತು. 1834ರಿಂದ 1861ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಮೈಸೂರು ಸೀಮೆಯಲ್ಲಿ 1,600 ಮೈಲಿಗೂ ಹೆಚ್ಚು ರಸ್ತೆಗಳೂ ಸುಮಾರು 300 ಸೇತುವೆಗಳೂ ಆದುವೆಂದು ಲೆಕ್ಕ. ರಸ್ತೆ ಗಟ್ಟಿಯಾದೊಡನೆ ಹೇರೆತ್ತು ಹಿಂದೆ ಸರಿದು ಎತ್ತಿನ ಗಾಡಿ ಮುಂದೆ ಬಂದಿತು. ಒಂದು ಜೊತೆ ಎತ್ತು ಬೆನ್ನ ಮೇಲೆ ಹೊರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಭಾರವನ್ನು ಗಾಲಿಯ ಮೇಲೆ ಎಳೆಯುವುದರಿಂದ ಇದು ಸಣ್ಣ ಬದಲಾವಣೆಯೆಂದು ತಿಳಿಯಕೂಡದು. ಚಿಕ್ಕಬಳ್ಳಾಪುರದ ತರಕಾರಿ, ದೇವನಹಳ್ಳಿಯ ಚಕ್ಕೋತ, ನಂದಿಯ ತಪ್ಪಲಿನ ಆಲೂಗೆಡ್ಡೆ ಇವೆಲ್ಲವೂ ರಾತ್ರಿಯೆಲ್ಲಾ ಗಾಡಿಯಲ್ಲಿ ಪ್ರಯಾಣಮಾಡಿ ಬೆಳಗಿನ ಜಾವಕ್ಕೆ ಪೇಟೆಯನ್ನು ಮುಟ್ಟುವುದು ಸಾಧ್ಯವಾಯಿತು. ಹೊರೆ ಹೊತ್ತು ನಡೆಯುವವರಿಗಾಗಿ ಸಾಲುಮರ, ಅರವಟ್ಟಿಗೆ, ತಲೆಯ ಹೊರೆಯನ್ನು ಪರರ ನೆರವಿಲ್ಲದೆ ಇಳಿಸುವಷ್ಟು ಎತ್ತರದ ಕಲ್ಲು, ಇವುಗಳನ್ನು ದಾರಿಯ ಪಕ್ಕದಲ್ಲಿ ಏರ್ಪಡಿಸುವುದನ್ನು ನಮ್ಮ ಜನರು ಪುಣ್ಯಕಾರ್ಯವೆಂದು ಎಣಿಸುತ್ತಿದ್ದರು. ಹೆಬ್ಬಾಳದ ಕಡೆಯ ಏರಿನಲ್ಲಿ ಗಾಡಿಯ ಎತ್ತುಗಳು ಪಡುತ್ತಿದ್ದ ಸಂಕಟವನ್ನು ನೋಡಲಾರದೆ ಇನಾಯತುಲ್ಲಾ ಮೇಖ್ರಿಯವರು ಸ್ವಂತ ಖರ್ಚಿನಿಂದ ಆ ದಾರಿಯನ್ನು ಸರಿಪಡಿಸಿದರೆಂದು ಊರಿನವರು ಹೇಳುತ್ತಾರೆ. ಮೇಖ್ರಿ ವೃತ್ತವೆಂಬ ಹೆಸರು ಅವರದೇ.

ಇಷ್ಟರಲ್ಲಿ ಕಬ್ಬಿಣದ ದಾರಿಯು ಬಂದಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ತಲಪಿತು. 1884ರಲ್ಲಿ ಯಶವಂತಪುರದ ಮೇಲೆ ತುಮಕೂರಿಗೆ ಹೋಯಿತು. ಆ ಶತಮಾನದ ಕೊನೆಯ ದಶಕದಲ್ಲಿ ಯಶವಂತಪುರದಿಂದ ಯಲಹಂಕದ ಮೂಲಕ ಹಿಂದೂಪುರ, ಗುಂತಕಲ್ಲಿನ ಕಡೆಗೆ ಮತ್ತೊಂದು ಕವಲು ಹೊರಟಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಕಿರುಹಳಿಯ ರೈಲು ಓಡಿತು. ರೈಲಿನೊಡನೆ ನಮ್ಮ ಜನರಿಗೆ ಒಂದು ಹೊಸ ಅನುಭವವಾಯಿತು. ದಾರಿಗೆ ಗೇಟು ಬಿದ್ದಿತು. ಬಂಡಿಯಾಗಲಿ ಕುದುರೆಯಾಗಲಿ ಮನುಷ್ಯನಿಗಾಗಿ ನಿಲ್ಲುವುದುಂಟು. ರೈಲು ನಿಲ್ಲದು, ಮನುಷ್ಯನೇ ನಿಲ್ಲಬೇಕು. ಆದರೂ ಆ ಗೇಟಿನಲ್ಲಿ ಒಂದು ನ್ಯಾಯವಿತ್ತು. ಸ್ವಲ್ಪ ಹೊತ್ತು ಮುಚ್ಚಿದ್ದು ಅನಂತರ ತೆರೆಯುವುದು. ತೆರೆದ ಮೇಲೆ ದಾರಿಯು ದಾಟುವವನದೇ. ಯಲಹಂಕದ ದಾರಿಯಲ್ಲಿರುವ ಒಂದು ಬಸ್ಸಿನ ನಿಲ್ದಾಣವನ್ನು ಜನರು ಇಂದಿಗೂ ಕೊಡಿಗೇಹಳ್ಳಿ ಗೇಟೆಂದೇ ಕರೆಯುತ್ತಾರೆ.

ರೈಲಿನ ದಾರಿಯಿಂದ ಲಾಭ ಬಂದಂತೆ ಕೇಡೂ ಬಂದಿತು. 1898ರ ಪ್ಲೇಗು ರೈಲನ್ನು ಹತ್ತಿ ಬೆಂಗಳೂರಿಗೆ ಬಂದಿತು. ಇಕ್ಕಟ್ಟಾದ ಪೇಟೆಯಲ್ಲಿ ಅದರ ಹಾವಳಿಯನ್ನು ಕಂಡ ಮೇಲೆ ಜನರು ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳಿಗೆ ಹೆಚ್ಚಾಗಿ ಹೋಗತೊಡಗಿದರು. ಅದೇ ದಶಕದಲ್ಲಿ ಹೆಸರಘಟ್ಟದ ಬಳಿ ಅರ್ಕಾವತಿಗೆ ಕಟ್ಟಿದ ಜಲಾಶಯದಿಂದ ಕೊಳಾಯಿಯ ನೀರು ಊರಿಗೆ ಹರಿಯಿತು. ನದಿಯು ನಗರಕ್ಕೆ ಬರಲೊಲ್ಲದಿರಲು, ನಗರವೇ ನದಿಯನ್ನು ಕೊಳವೆಯಲ್ಲಿ ಕರೆತಂದಂತಾಯಿತು.

ಬಡಗಣ ಭಾಗದಲ್ಲಿ ವಿದ್ಯೆಯೂ ಪ್ರಯೋಗಗಳೂ ನೆಲೆಸಿದುದು ಈ ದಾರಿಗಳ ಆಸರೆಯಿಂದಲೇ. 1899ರಲ್ಲಿ ಮಹಾಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಗಳಿಗೆ 30 ಎಕರೆ ಭೂಮಿಯನ್ನು ಕೊಟ್ಟರು. ಅದೇ ಬೀಜವು ಬೆಳೆದು 1946ರಲ್ಲಿ ವ್ಯವಸಾಯದ ಕಾಲೇಜು, 1964ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಯಶವಂತಪುರದ ನೆರೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಾನಮಾಡಿದ 371 ಎಕರೆಯ ಮೇಲೆ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರವನ್ನು ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಲಹಂಕದಲ್ಲಿ ವಿಮಾನದ ನೆಲೆಯಾಯಿತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿಯು 98 ಬಸ್ಸುಗಳೊಡನೆ ಹೊರಟಿತು. 1956ರಲ್ಲಿ ಅದು ಸರ್ಕಾರದ ವಶವಾಯಿತು. ಬಸ್ಸು ಬಂದುದರಿಂದ ಹತ್ತು ಮೈಲಿಯ ಆಚೆಯ ಯಲಹಂಕದವನು ಬೆಳಿಗ್ಗೆ ಊರಿಗೆ ಬಂದು ಸಂಜೆ ಮನೆಯಲ್ಲಿ ಊಟಮಾಡುವಂತಾಯಿತು. ಆಗಲೂ ದಾರಿಯು ಎರಡು ಗಾಡಿಗಳಿಗೆ ಎಡೆಯಿರುವ ದಾರಿಯೇ. ಈಚೆಯ ಮರದ ನೆರಳಿನಿಂದ ಆಚೆಯ ಮರದ ನೆರಳಿಗೆ ಹೋಗುವುದಕ್ಕೆ ಹತ್ತು ಹೆಜ್ಜೆ ಸಾಕಾಗಿತ್ತು.

ಅನಂತರದ ಐವತ್ತು ವರ್ಷಗಳಲ್ಲಿ ಆ ಹತ್ತು ಹೆಜ್ಜೆಗಳಿಗೆ ಆದುದೇನೆಂಬುದನ್ನು ನೋಡೋಣ. ಗಂಗೇನಹಳ್ಳಿಯ ಆಚೆಯ ಹೊಲಗಳಲ್ಲಿ ರವೀಂದ್ರನಾಥ ಟಾಗೋರ್ ನಗರವು ಎದ್ದಿತು. ಜನರು ಚುಟುಕಾಗಿ ಆರ್. ಟಿ. ನಗರವೆಂದರು. ಊರನ್ನು ಬಳಸಿ ಬರುವ ಹೊರವರ್ತುಲ ರಸ್ತೆಯು ಹೆಬ್ಬಾಳದ ಕೆರೆಯ ಬಳಿಯಲ್ಲಿ ಬಳ್ಳಾರಿಯ ರಸ್ತೆಯನ್ನು ಸಂಧಿಸಿತು. ಅಲ್ಲಿ 2003ರಲ್ಲಿ ದೊಡ್ಡ ಮೇಲುಸೇತುವೆಯಾಯಿತು. 2008ರ ಮೇ 24ರಂದು ದೇವನಹಳ್ಳಿಯ ಬಳಿಯ ಹೊಸ ವಿಮಾನ ನಿಲ್ದಾಣವು ಕಾರ್ಯಾರಂಭಮಾಡಿದ ಮೇಲೆ ದಾರಿಯ ಸ್ವರೂಪವೇ ಬದಲಾಯಿತು. 2013ರಲ್ಲಿ ಆ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರನ್ನು ಇಟ್ಟರು. 2014ರಲ್ಲಿ ಹೆಬ್ಬಾಳದಿಂದ ಆ ಕಡೆಗೆ ಕಂಬಗಳ ಮೇಲೆ ಹಾಯುವ ಎತ್ತರದ ರಸ್ತೆಯು ಸಿದ್ಧವಾಯಿತು. ಯಶವಂತಪುರದ ಮೇಲೆ ಅದೇ ವರ್ಷದ ಮಾರ್ಚಿ 1ರಂದು ಮೆಟ್ರೋ ರೈಲು ಓಡತೊಡಗಿತು. ಯಲಹಂಕದ ನಾಡಪ್ರಭುವಿನ ದಾರಿಯು ಈಗ ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ 44ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗ. ಹಿಂದೆ ಒಂದು ರಾತ್ರಿಯ ಗಾಡಿಯ ಪ್ರಯಾಣವಾಗಿದ್ದುದು ದಾರಿ ತೆರವಾಗಿದ್ದರೆ ಒಂದು ಗಂಟೆಯೊಳಗಿನ ಮಾತಾಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವೂ ಅಲ್ಲ.

ಆದರೆ ದಾರಿಯ ಉದ್ದವು ಕಿರಿದಾದಂತೆಲ್ಲಾ ಅದರ ಅಗಲವು ಹಿರಿದಾಗುತ್ತಾ ಬಂದುದನ್ನು ಯಾರಾದರೂ ಅಳೆದಿರುವರೇ? ಇಲ್ಲಿ ಅಗಲವೆಂದರೆ ಗಜಗಳ ಲೆಕ್ಕವಲ್ಲ, ದಾಟುವುದಕ್ಕೆ ಹಿಡಿಯುವ ಕಾಲದ ಲೆಕ್ಕ. ರಸ್ತೆಯ ಒಂದು ಮಗ್ಗುಲಿನಲ್ಲಿ ಮನೆ, ಮತ್ತೊಂದು ಮಗ್ಗುಲಿನಲ್ಲಿ ಬಸ್ಸಿನ ನಿಲ್ದಾಣ. ನಡುವೆ ಎರಡು ದಿಕ್ಕಿನ ವಾಹನಗಳ ಪ್ರವಾಹ. ವಿಮಾನಕ್ಕೆ ಹೋಗುವವನಿಗೆ ಹತ್ತು ನಿಮಿಷ ಉಳಿಯಲೆಂದು ಸೊಪ್ಪು ಮಾರುವ ಮುದುಕಿಯು ಹತ್ತು ನಿಮಿಷ ಕಾಯಬೇಕು, ಇಲ್ಲವೇ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ತಲೆಯ ಮೇಲೆ ಬುಟ್ಟಿಯಿದ್ದರೆ ಎರಡೂ ಕಷ್ಟವೇ. ಎರಡು ಮಗ್ಗುಲಿನಲ್ಲಿಯೂ ನೆಂಟರಿದ್ದ ಹಳ್ಳಿಗಳು ಈ ಪ್ರವಾಹದಿಂದ ಎರಡಾಗಿ ಸೀಳಿಹೋಗಿವೆ. ನದಿಯಿಲ್ಲದ ನಗರದಲ್ಲಿ ನಾವೇ ಒಂದು ನದಿಯನ್ನು ಹರಿಸಿದ್ದೇವೆ. ಆದರೆ ಅದಕ್ಕೆ ದೋಣಿಯನ್ನೂ ಕಡವನ್ನೂ ಏರ್ಪಡಿಸುವುದನ್ನು ಮರೆತಿದ್ದೇವೆ. ಇದು ನಮ್ಮ ಊರೊಂದರ ದುಃಖವೂ ಅಲ್ಲ. 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದೂ, ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರೆಂದೂ ಕೇಂದ್ರ ಸರ್ಕಾರವೇ ಪ್ರಕಟಿಸಿದೆ. ಹೊಳೆಯನ್ನು ಹಾಯುವಾಗ ಅಷ್ಟು ಜನ ಮುಳುಗಿಹೋಗಿದ್ದರೆ ದೇಶದಲ್ಲಿ ಎಂತಹ ಹಾಹಾಕಾರವಾಗುತ್ತಿದ್ದಿತು!

ನಗರದ ಜನರಲ್ಲಿ ಈ ವಿಚಾರವು ಹುಟ್ಟಿಲ್ಲವೆನ್ನುವಂತಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ಆರೂಮುಕ್ಕಾಲು ಕಿಲೋಮೀಟರು ಉದ್ದದ ಉಕ್ಕಿನ ಮೇಲುಸೇತುವೆಯನ್ನು ಕಟ್ಟಬೇಕೆಂದು 2016ರಲ್ಲಿ ಸರ್ಕಾರವು ನಿಶ್ಚಯಿಸಿತು. ಅದಕ್ಕಾಗಿ 812 ಮರಗಳು ಬೀಳಬೇಕಾಗಿತ್ತು. ಆ ವರ್ಷದ ಅಕ್ಟೋಬರು 16ರಂದು ಸಾವಿರಾರು ಪೌರರು ಅದೇ ದಾರಿಯ ಪಕ್ಕದಲ್ಲಿ ಕೈ ಕೈ ಹಿಡಿದು ನಿಂತರು. ವಿದ್ಯಾರ್ಥಿಗಳು, ವೃದ್ಧರು, ತಾಯಂದಿರು ಎಲ್ಲರೂ ಅಲ್ಲಿದ್ದರು. 2017ರ ಮಾರ್ಚಿ 2ರಂದು ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಸೇತುವೆಯು ಬೇಕಾಗಿತ್ತೇ ಬೇಡವಾಗಿತ್ತೇ ಎಂಬ ವಾದವು ಇಂದಿಗೂ ಮುಗಿದಿಲ್ಲ. ವೇಗವಾಗಿ ಹೋಗಬೇಕಾದವರಿಗೆ ಅವರದೇ ಆದ ನ್ಯಾಯವುಂಟು. ಆದರೆ ಆ ದಿನ ನಡೆದುದನ್ನು ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅದರ ಬೆಲೆಯು ತಿಳಿಯುತ್ತದೆ. ಬಹಳ ಕಾಲದ ಮೇಲೆ ದಾರಿಯ ಮಗ್ಗುಲಲ್ಲಿ ಇರುವವನು ಎದ್ದು ನಿಂತು, ಈ ದಾರಿಯಲ್ಲಿ ನನ್ನದೂ ಒಂದು ಪಾಲಿದೆ ಎಂದು ನುಡಿದನು.

ಹಾಗಾದರೆ ಮಾಡತಕ್ಕದ್ದೇನು? ಹಿಂದಕ್ಕೆ ಹೋಗಿ ಹೇರೆತ್ತುಗಳನ್ನು ಹೊಡೆಯಬೇಕೆಂದು ಯಾರೂ ಹೇಳಲಾರರು. ನಮ್ಮ ಸೂಚನೆಯು ಅತ್ಯಲ್ಪವಾದುದು. ಯಾವ ದಾರಿಯ ಯೋಜನೆಯನ್ನಾದರೂ ಪರೀಕ್ಷಿಸುವಾಗ ಈಗ ಕೇಳುವ ಪ್ರಶ್ನೆಯು ಒಂದೇ: ಈ ತುದಿಯಿಂದ ಆ ತುದಿಗೆ ಎಷ್ಟು ನಿಮಿಷ? ಅದರ ಜೊತೆಯಲ್ಲಿ ಎರಡನೆಯ ಪ್ರಶ್ನೆಯನ್ನೂ ಕೇಳಬೇಕು: ಈ ಮಗ್ಗುಲಿನಿಂದ ಆ ಮಗ್ಗುಲಿಗೆ, ಕೈಯಲ್ಲಿ ಮಗುವನ್ನು ಹಿಡಿದ ತಾಯಿಗೆ, ಕೋಲೂರಿದ ಮುದುಕನಿಗೆ, ಎಷ್ಟು ನಿಮಿಷ? ಎರಡನೆಯ ಲೆಕ್ಕವು ಮೊದಲಿಗಿಂತ ಕೆಟ್ಟಿದ್ದರೆ ಆ ಯೋಜನೆಯು ಇನ್ನೂ ಪೂರ್ತಿಯಾಗಿಲ್ಲವೆಂದು ತಿಳಿಯಬೇಕು. ನೆಲದ ಮಟ್ಟದಲ್ಲಿಯೇ ದಾಟುವ ಪಟ್ಟೆಗಳು, ಮುದುಕರ ನಡಿಗೆಗೆ ಸರಿಯಾಗಿ ಉರಿಯುವ ದೀಪ, ಮುರಿಯದೆ ಸಾಗುವ ಕಾಲುದಾರಿ, ಬಿಸಿಲಿಗೆ ನಾಲ್ಕು ಮರ, ಇವು ಯಾವ ಬೊಕ್ಕಸವನ್ನೂ ಬರಿದುಮಾಡುವ ಖರ್ಚುಗಳಲ್ಲ. ಕಾರು ಸರಾಗವಾಗಿ ಹೋಗಲೆಂದು ಮನುಷ್ಯನನ್ನು ಮೆಟ್ಟಿಲು ಹತ್ತಿಸುವುದು ಸುಲಭ. ಆದರೆ ಹತ್ತಲಾರದವರೇ ಹೆಚ್ಚಾಗಿ ನಡೆಯುವವರು ಎಂಬುದನ್ನು ನೆನೆಯಬೇಕು. ವಾಹನದಲ್ಲಿ ಕುಳಿತಿರುವ ನಮಗೂ ಒಂದು ಕರ್ತವ್ಯವಿದೆ. ಪಟ್ಟೆಯ ಬಳಿ ಒಬ್ಬನು ನಿಂತಿರುವುದನ್ನು ಕಂಡಾಗ ನಾವು ಕಳೆದುಕೊಳ್ಳುವುದು ಅರ್ಧ ನಿಮಿಷ. ಅವನು ಪಡೆಯುವುದು ತನ್ನ ಊರು ತನ್ನದೆಂಬ ಭಾವನೆ.

ಕೆರೆಯ ಏರಿಯನ್ನು ಕಟ್ಟಿದವನು ಓದುಬರಹ ಬಲ್ಲವನಾಗಿದ್ದನೋ ಇಲ್ಲವೋ ಹೇಳಲಾಗದು. ಆದರೆ ಏರಿಯನ್ನು ಎತ್ತರಿಸುವ ಮೊದಲು ಅವನು ತೂಬಿನ ಸ್ಥಳವನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಬಡಗಣ ದಾರಿಯನ್ನು ಇನ್ನೂ ಅಗಲಿಸತಕ್ಕವರೂ ಎತ್ತರಿಸತಕ್ಕವರೂ ಅವನಿಂದ ಕಲಿಯಬೇಕಾದುದು ಇಷ್ಟೇ.